ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನಿಸಿಕೊಂಡ ಹುಡುಗನಿಗೆ 16 ಶನಿವಾರ

ಮೊದಲೇ ಹೇಳಿಬಿಡುತ್ತೇನೆ, ಈ ಕ್ಲಾಸಿನ ಹೆಸರು ಬರೆಯುವುದಿಲ್ಲ. ಮೈಸೂರಿನಲ್ಲಿ ನಡೆಯುತ್ತದೆ, ಒಂದು ಬ್ಯಾಚಿಗೆ ಆರೇ ಮಕ್ಕಳು. ಹೆಸರು ಹಾಕಿದರೆ ಯಾವ ಮಗು ಯಾರದ್ದು ಅಂತ ಗುರುತು ಸಿಕ್ಕಿಬಿಡುತ್ತದೆ. ಆದರೆ ಕಲಿಕಾ ನ್ಯೂನತೆ ಇರುವ ಮಕ್ಕಳಿಗೆ ನಾಲ್ಕು ಜನರ ಜೊತೆ ಬೆರೆಯೋದನ್ನ ಕಲಿಸುತ್ತೇವೆ ಅಂತ ಹೇಳುವ ಕ್ಲಾಸುಗಳು ಈಗ ಜಾಸ್ತಿ ಆಗಿವೆ. ಅಲ್ಲಿ ಏನು ನೋಡಬೇಕು, ಏನು ಕೇಳಬೇಕು, ಎಲ್ಲಿ ದುಡ್ಡು ದಂಡ ಅನ್ನೋದು ಬೇರೆ ಅಪ್ಪ ಅಮ್ಮಂದಿರಿಗೆ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ. ಕಳೆದ ವರ್ಷ ನಾನು ಹುಡುಕುವಾಗ ಕನ್ನಡದಲ್ಲಿ ಇಂಥದ್ದೊಂದು ಬರಹ ನನಗೆ ಸಿಕ್ಕಿರಲಿಲ್ಲ.

ನನ್ನ ಮಗನಿಗೆ 10 ವರ್ಷ, ಐದನೇ ಕ್ಲಾಸು. ಇಲ್ಲಿ ಪುಟ್ಟು ಅಂತ ಕರೆಯುತ್ತೇನೆ. ಅವನಿಗೆ ಡಿಸ್ಲೆಕ್ಸಿಯಾ ಇದೆ, ಅಂದರೆ ಓದು ಬರಹಕ್ಕೆ ತೊಡಕಾಗುವ ಕಲಿಕಾ ನ್ಯೂನತೆ. ಒತ್ತಕ್ಷರ ಬಂದರೆ ನಿಂತುಬಿಡುತ್ತಾನೆ, ಬರೆಯುವಾಗ ದೀರ್ಘ ಬಿಟ್ಟುಹೋಗುತ್ತದೆ, ಬೋರ್ಡ್ ನೋಡಿ ಬರೆದುಕೊಳ್ಳುವಷ್ಟರಲ್ಲಿ ಟೀಚರ್ ಅಳಿಸಿರುತ್ತಾರೆ. ಅದಕ್ಕೆ ಎರಡು ವರ್ಷದಿಂದ ರೆಮಿಡಿಯಲ್ ಕ್ಲಾಸು ನಡೆಯುತ್ತಿದೆ, ನಿಧಾನಕ್ಕೆ ದಾರಿಗೆ ಬರುತ್ತಿದೆ. ನನಗೆ ನಿದ್ದೆ ಕೆಡಿಸಿದ್ದು ಓದಲ್ಲ, ಸಂಜೆಯ ಆಟ.

ಒಂದು ಭಾನುವಾರ ಬಟ್ಟೆ ಒಣಹಾಕುತ್ತಾ ಮೇಲಿಂದ ನೋಡುತ್ತಿದ್ದೆ. ಕೆಳಗೆ ರಸ್ತೆಯಲ್ಲಿ ಕ್ರಿಕೆಟ್ಟಿಗೆ ಟೀಮ್ ಹಂಚಿಕೊಳ್ಳುತ್ತಿದ್ದರು. ಎಲ್ಲರೂ ಹಂಚಿಹೋದ ಮೇಲೆ ಪುಟ್ಟು ಒಬ್ಬನೇ ಉಳಿದ. ಇವನು ಯಾರ ಕಡೆ ಅಂತ ಒಬ್ಬ ಕೇಳಿದ್ದಕ್ಕೆ ಇನ್ನೊಬ್ಬ ಹೇಳಿದ, "ಬಿಡೋ, ಅವನು ಆಟಕ್ಕುಂಟು ಲೆಕ್ಕಕ್ಕಿಲ್ಲ." ನಾಲ್ಕು ವರ್ಷದ ತಮ್ಮ ತಂಗಿಯರು ನಾನೂ ಬರ್ತೀನಿ ಅಂತ ಅತ್ತಾಗ ಹೇಳುವ ಮಾತು ಅದು. ಪುಟ್ಟುಗೆ ಅದು ಅರ್ಥವೇ ಆಗಲಿಲ್ಲ. ಒಂದು ಗಂಟೆ ಓಡಾಡಿದ, ಮೋರಿಗೆ ಬಿದ್ದ ಬಾಲ್ ಮೂರು ಸಲ ಎತ್ತಿಕೊಟ್ಟ. ಮನೆಗೆ ಬಂದು ಕೈಕಾಲು ತೊಳೆಯುತ್ತಾ, "ಅಮ್ಮಾ, ಇವತ್ತು ನಾನು ಎರಡೂ ಟೀಮಲ್ಲಿದ್ದೆ" ಅಂದ. ಎಷ್ಟು ಖುಷಿಯಲ್ಲಿ ಹೇಳಿದ ಅಂದ್ರೆ, ನಾನು ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ನಿಂತುಕೊಂಡೆ.

ಆಗ ನಾನು ಇದನ್ನು ಅವನ ಸ್ವಭಾವ ಅಂದುಕೊಂಡಿದ್ದೆ. ಅತ್ತೆ, "ಒಬ್ಬನೇ ಮಗ ಅಲ್ವಾ, ಹಂಚಿಕೊಂಡು ಗೊತ್ತಿಲ್ಲ" ಅನ್ನುತ್ತಿದ್ದರು. ಸ್ಕೂಲಿನಲ್ಲಿ, ಮಧ್ಯೆ ಬಾಯಿ ಹಾಕುತ್ತಾನೆ, ಮೈಮೇಲೆ ಬೀಳುತ್ತಾನೆ, ಎಲ್ಲರೂ ನಕ್ಕು ಮುಗಿಸಿದ ಮೇಲೆ ಒಬ್ಬನೇ ನಗುತ್ತಾನೆ ಅಂತ ದೂರು. ನಾನೂ ಬೈದಿದ್ದೇನೆ. ಆಮೇಲೆ ಓದಿದಾಗ ಗೊತ್ತಾಯಿತು, ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ಅಮೆರಿಕದಲ್ಲಿ ಕೆನೆತ್ ಕವಾಲೆ ಮತ್ತು ಸ್ಟೀವನ್ ಫೋರ್ನೆಸ್ ಅನ್ನುವ ಇಬ್ಬರು 152 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 1996ರಲ್ಲಿ ಬರೆದಿದ್ದಾರೆ. ಕಲಿಕಾ ನ್ಯೂನತೆ ಇರುವ ನಾಲ್ಕು ಮಕ್ಕಳಲ್ಲಿ ಹೆಚ್ಚುಕಮ್ಮಿ ಮೂವರಿಗೆ ಜನರ ಜೊತೆ ಬೆರೆಯುವುದರಲ್ಲೂ ತೊಡಕು ಕಾಣುತ್ತದೆ ಅಂತ. ಯೋಚನೆ ಮಾಡಿದರೆ ಸರಿ ಅನ್ನಿಸುತ್ತದೆ. ಮಾತನ್ನು ಕೇಳಿ, ಮುಖ ನೋಡಿ, ದನಿ ಗುರುತಿಸಿ, ಹಿಂದಿನದು ನೆನಪಿಟ್ಟು, ತಕ್ಷಣ ಉತ್ತರ ಕೊಡಬೇಕು. ಇದೆಲ್ಲ ಒಂದು ಕ್ಷಣದಲ್ಲಿ ಆಗಬೇಕು. ಅಕ್ಷರ ಜೋಡಿಸಲು ಅವನಿಗೆ ಹೊತ್ತು ಬೇಕಾಗುವ ಹಾಗೆ ಇದನ್ನು ಜೋಡಿಸಲೂ ಹೊತ್ತು ಬೇಕು. ಅಷ್ಟರಲ್ಲಿ ಆಟ ಮುಂದೆ ಹೋಗಿರುತ್ತದೆ.

ಮಗುವಿಗೆ ಕಲಿಕಾ ನ್ಯೂನತೆ ಇದೆಯಾ ಅಂತ ಪರೀಕ್ಷೆ ಮಾಡಿಸಲು ಮೈಸೂರಿನವರಿಗೆ ತೊಂದರೆ ಇಲ್ಲ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಲ್ಲಿ ಶುರುವಾದದ್ದು, ಊರವರಿಗೆಲ್ಲ ಅದು ಸ್ಪೀಚ್ ಅಂಡ್ ಹಿಯರಿಂಗ್. ಬೆಂಗಳೂರಿನವರು ನಿಮ್ಹಾನ್ಸ್‌ಗೆ ಹೋಗುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ, ಅದರಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಸರ್ಟಿಫಿಕೇಟ್ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳಬಹುದು, ಬರೆಯಲು ಇನ್ನೊಬ್ಬರನ್ನು ಕೇಳಬಹುದು. ಸಂಜೆ ಐದು ಗಂಟೆಗೆ ರಸ್ತೆಯಲ್ಲಿ ಆಡುವ ಹುಡುಗರಿಗೆ ಯಾವ ಕಾಗದ ತೋರಿಸೋದು?

ಈ ಕ್ಲಾಸಿಗಿಂತ ಮೊದಲು ಬೇರೊಂದು ಕಡೆ ಎರಡು ತಿಂಗಳು ಹೋಗಿದ್ದೆವು. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಆದರೆ ಹೋಲಿಕೆಗೆ ಬೇಕು. ಎಸಿ ರೂಮು, ಗೋಡೆ ತುಂಬ ಚಿತ್ರ. ಅಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿದ ಹಾಳೆ ಕೊಡುತ್ತಿದ್ದರು. ಒಂದು ಸನ್ನಿವೇಶ ಬರೆದಿರುತ್ತದೆ, ಓದಿ ಸರಿ ಉತ್ತರಕ್ಕೆ ಗುರುತು ಹಾಕಬೇಕು. ಓದಲು ಕಷ್ಟ ಅಂತಲೇ ಬಂದ ಮಗುವಿಗೆ ಓದುವ ಹಾಳೆ! ಸನ್ನಿವೇಶಗಳೂ ಅಷ್ಟೇ, ಸ್ಕೂಲಿನ ಲಾಕರ್ ಹತ್ತಿರ ಯಾರೋ ಸಿಕ್ಕಿದರು, ಗೆಳೆಯನ ಮನೆಯಲ್ಲಿ ರಾತ್ರಿ ಉಳಿಯಲು ಕರೆದರು, ಈ ತರಹ. ಪುಟ್ಟು ಲಾಕರ್ ಅಂದರೆ ಬ್ಯಾಂಕಿನದ್ದು ಅಂದುಕೊಂಡಿದ್ದ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡು, ಸಾರಿ ಹೇಳು, ಥ್ಯಾಂಕ್ಯೂ ಹೇಳು, ಇದನ್ನೇ ಬಾಯಿಪಾಠ ಮಾಡಿಸಿದರು. ಅವನು ಎದುರಿಗಿರುವವರನ್ನು ರೆಪ್ಪೆ ಮಿಟುಕಿಸದೆ ನೋಡಲು ಶುರುಮಾಡಿದ. ಪಕ್ಕದ ಮನೆ ಹುಡುಗ, "ಆಂಟಿ, ಪುಟ್ಟು ಯಾಕೆ ಹಂಗೆ ಗುರಾಯಿಸ್ತಾನೆ?" ಅಂತ ಬಂದು ಕೇಳಿದ. ಅಲ್ಲಿಗೆ ನಿಲ್ಲಿಸಿದೆವು.

ಈಗ ಹೇಳುತ್ತಿರುವ ಕ್ಲಾಸು ಒಂದು ಹಳೇ ಮನೆಯ ಎರಡನೇ ಮಹಡಿಯಲ್ಲಿದೆ. ಚಾಪೆ, ಒಂದು ಕಪ್ಪು ಹಲಗೆ, ಒಂದು ಬೀರು, ಅಷ್ಟೇ. ಶನಿವಾರ ಬೆಳಿಗ್ಗೆ ಒಂದೂವರೆ ಗಂಟೆ, 16 ವಾರ, ವಾರಕ್ಕೆ 700 ರೂಪಾಯಿ. ಇಬ್ಬರು ಟೀಚರ್‌ಗಳು, ಒಬ್ಬರು ವಿಶೇಷ ಶಿಕ್ಷಣ ಓದಿದವರು, ಇನ್ನೊಬ್ಬರು ಮಾತಿನ ಥೆರಪಿಸ್ಟ್. ಹೋದ ಮೊದಲ ದಿನವೇ ದೊಡ್ಡ ಮಿಸ್ ನಮ್ಮನ್ನೆಲ್ಲ ಕೂರಿಸಿ ಹೇಳಿದರು, "ಶನಿವಾರದ ಕ್ಲಾಸಿಂದ ಮಾತ್ರ ಮಗು ಬದಲಾಗಲ್ಲ. ಇಲ್ಲಿ ಕಲಿತಿದ್ದು ಇಲ್ಲೇ ಉಳಿದುಬಿಡುತ್ತೆ. ಮನೆಯಲ್ಲಿ, ಅಂಗಡಿಯಲ್ಲಿ, ರಸ್ತೆಯಲ್ಲಿ ನೀವು ಮಾಡಿಸಿದರೆ ಉಂಟು." ದುಡ್ಡು ತೆಗೆದುಕೊಳ್ಳುವವರು ಹೀಗೆ ಹೇಳಿದ್ದು ನನಗೆ ತುಂಬಾ ಹಿಡಿಸಿತು. ಆಮೇಲೆ ನೋಡಿದೆ, ಮೊದಲು ಹೇಳಿದ ಅದೇ ಇಬ್ಬರು ಇಂಥ ತರಬೇತಿಗಳ ಮೇಲಿನ 53 ಅಧ್ಯಯನಗಳನ್ನೂ ನೋಡಿದ್ದರು. ಸಿಕ್ಕ ಪ್ರಯೋಜನ ಸಣ್ಣದು ಅಂತಲೇ ಬರೆದಿದ್ದಾರೆ. ಹಾಗಾಗಿ ಮೂರು ತಿಂಗಳಲ್ಲಿ ನಿಮ್ಮ ಮಗುವನ್ನು ಪೂರ್ತಿ ಬದಲಾಯಿಸುತ್ತೇವೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಅಪ್ಪ ಅಮ್ಮಂದಿರು ಹಿಂದೆ ಕೂತು ನೋಡಬಹುದು, ಮಾತಾಡಬಾರದು. ಇದು ಈ ಕ್ಲಾಸಿನ ದೊಡ್ಡ ಗುಣ. ಬಾಗಿಲು ಹಾಕಿಕೊಂಡು ಒಳಗೆ ಏನೋ ಮಾಡಿ ಹೊರಗೆ ಬಂದು "ಇವತ್ತು ಚೆನ್ನಾಗಿ ಮಾಡಿದ" ಅನ್ನುವ ಕಡೆ ನಾವೇನು ಕಲಿಯುತ್ತೇವೆ?

ಮೂರನೇ ವಾರದ ಕ್ಲಾಸು ಪೂರ್ತಿ "ಹೂಂ" ಮೇಲೆ. ನಂಬಲಿಕ್ಕಿಲ್ಲ ನೀವು. ಮಿಸ್ ಪರದೆ ಹಿಂದೆ ನಿಂತು ಬರೀ ಹೂಂ ಅಂದರು, ಮಕ್ಕಳು ಅದು ಯಾವ ಹೂಂ ಅಂತ ಹೇಳಬೇಕು. ಒಪ್ಪಿಕೊಂಡ ಹೂಂ, ಚಿಕ್ಕದು. ಏನು ಹೇಳಿದೆ ಅಂತ ಕೇಳುವ ಹೂಂ, ಕೊನೆಗೆ ಮೇಲೆ ಹೋಗುತ್ತದೆ. ಕಥೆ ಕೇಳುವಾಗ ಹಾಕುವ ಹೂಂ, ಮುಂದೆ ಹೇಳು ಅಂತ. ಸಾಕು ಮಾರಾಯ, ನನಗೆ ಬೇಜಾರಾಗಿದೆ ಅನ್ನುವ ಹೂಂ, ಎಳೆದು ಕೆಳಗೆ ಬಿಡುವುದು. ನೀನು ಸುಳ್ಳು ಹೇಳ್ತಿದ್ದೀಯ ಅನ್ನುವ ಹೂಂ. ಆಮೇಲೆ ಊಹೂಂ. ಪುಟ್ಟುಗೆ ಆರರಲ್ಲಿ ಎರಡು ಮಾತ್ರ ಗೊತ್ತಾಯಿತು. ಬೇಜಾರಿನ ಹೂಂ ಅವನಿಗೆ ಕಥೆ ಕೇಳುವ ಹೂಂ ಹಾಗೆ ಕೇಳಿಸುತ್ತಿತ್ತು. ನನಗೆ ಥಟ್ಟನೆ ಹೊಳೆಯಿತು. ಎದುರಿಗಿರುವ ಹುಡುಗ ಬೇಜಾರಾಗಿ ಹೂಂ ಅಂದಷ್ಟೂ ಇವನು ಇನ್ನಷ್ಟು ಹುಮ್ಮಸ್ಸಿನಿಂದ ಡೈನೋಸಾರ್ ಬಗ್ಗೆ ಯಾಕೆ ಹೇಳುತ್ತಾ ಹೋಗುತ್ತಾನೆ ಅಂತ. ಅವನಿಗೆ ಯಾರೂ ನಿಲ್ಲಿಸು ಅಂತ ಹೇಳಿಯೇ ಇರಲಿಲ್ಲ, ಅವನ ಲೆಕ್ಕದಲ್ಲಿ.

ಇದು ಇಂಗ್ಲಿಷ್ ಹಾಳೆಯಿಂದ ಬರುವ ಪಾಠ ಅಲ್ಲ. ಕನ್ನಡದಲ್ಲೇ ಕಲಿಸಬೇಕಾದದ್ದು. ಹಾಗೇ ಇನ್ನೊಂದು ವಾರ ಮಾತಿನ ಒಳಗಿನ ಮಾತು. "ತಲೆ ತಿನ್ನಬೇಡ", "ನನ್ನ ಕಿವಿ ಮೇಲೆ ಹೂ ಇಡಬೇಡ", "ಬಾಯಿಗೆ ಬೀಗ ಹಾಕು". ಆಮೇಲೆ ಹೊಗಳಿದ ಹಾಗೆ ಕೇಳಿಸುವ ಚುಚ್ಚುಮಾತು. ಸೊನ್ನೆಗೆ ಔಟಾದವನಿಗೆ "ಏನು ಬ್ಯಾಟಿಂಗ್ ಗುರು ನಿಂದು!" ಅಂದರೆ ಅದು ಹೊಗಳಿಕೆನಾ? ಪುಟ್ಟು ಹೌದು ಅಂದ. ಅವನ ಪಕ್ಕ ಕೂತಿದ್ದ 12 ವರ್ಷದ ಹುಡುಗಿ, "ಅಲ್ಲ ಕಣೋ, ಸೊನ್ನೆ ಹೊಡೆದಿದ್ದಾನಲ್ಲ, ಮಾತಿಗೂ ಆಟಕ್ಕೂ ತಾಳೆ ಆಗ್ತಿಲ್ಲ ನೋಡು" ಅಂದಳು. ಮಿಸ್ ಅದೇ ಮಾತನ್ನು ಹಲಗೆ ಮೇಲೆ ಚಿತ್ರವಾಗಿ ಬರೆದರು, ತಕ್ಕಡಿ, ಒಂದು ಕಡೆ ಬಾಯಿ, ಇನ್ನೊಂದು ಕಡೆ ನಡೆದದ್ದು. ಎರಡೂ ಸಮ ಇಲ್ಲ ಅಂದರೆ ಇದು ತಮಾಷೆ, ಇಲ್ಲಾ ಚುಚ್ಚು. ಈಗ ಮನೆಯಲ್ಲಿ ಯಾರಾದರೂ ಏನಾದರೂ ಅಂದರೆ ಪುಟ್ಟು ಎರಡು ಕೈಯನ್ನು ತಕ್ಕಡಿ ತರಹ ಮೇಲೆ ಕೆಳಗೆ ಮಾಡಿ ನನ್ನನ್ನು ನೋಡುತ್ತಾನೆ. ನಾನು ಕಣ್ಣಲ್ಲೇ ಹೌದು ಅನ್ನುತ್ತೇನೆ.

ನೀನು ಮತ್ತು ನೀವು ಬಗ್ಗೆಯೂ ಒಂದು ಕ್ಲಾಸು ಇತ್ತು, ಆದರೆ ಅದು ಅಷ್ಟೇನೂ ಕೆಲಸ ಮಾಡಲಿಲ್ಲ. ಅವನು ಈಗಲೂ ಕೆಲವು ಸಲ ತರಕಾರಿ ಗಾಡಿಯ ಅಜ್ಜನಿಗೆ "ಬಾ" ಅನ್ನುತ್ತಾನೆ, ಜೊತೆಯ ಹುಡುಗನಿಗೆ "ಬನ್ನಿ" ಅನ್ನುತ್ತಾನೆ.

ಇನ್ನು ಚೌಕಾಬಾರ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು, ಯಾಕೆಂದರೆ ನನ್ನ ಪ್ರಕಾರ 16 ವಾರಕ್ಕೆ ಕಟ್ಟಿದ 11,200 ರೂಪಾಯಿ ಇದೊಂದರಲ್ಲೇ ಬಂದುಬಿಟ್ಟಿತು.

ಬೀರುವಿನಿಂದ ಮಿಸ್ ಕವಡೆ ತೆಗೆದರು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೆ ಐದು ಮನೆ ಬರೆದರು. ನಾಲ್ಕು ಮಕ್ಕಳು, ನಾಲ್ಕು ನಾಲ್ಕು ಕಾಯಿ. ನಮ್ಮ ಮನೆಯಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಗಿನ ಸುತ್ತಿಗೆ ಹೋಗುವ ಹಾಗಿಲ್ಲ. ಎದುರಿಗೆ ಕೂತ ಹುಡುಗ ಯಾರನ್ನೂ ಹೊಡೆಯದೆ ಸೀದಾ ಒಳಗೆ ಹೋದ. ಪುಟ್ಟು "ಮೋಸ!" ಅಂತ ಕೂಗಿದ. ಆ ಹುಡುಗ "ನೀನೇ ಮೋಸ" ಅಂದ. ಪುಟ್ಟು ಕೈ ಬೀಸಿ ಎಲ್ಲ ಕಾಯಿ ಚೆಲ್ಲಾಪಿಲ್ಲಿ ಮಾಡಿದ, ಒಂದು ಕವಡೆ ಹೋಗಿ ಬೀರುವಿನ ಕೆಳಗೆ ಸೇರಿತು. ನಾನು ಎದ್ದೇಬಿಟ್ಟಿದ್ದೆ. ಮಿಸ್ ಕೈ ಸನ್ನೆ ಮಾಡಿ ಕೂರಿಸಿದರು. ಅವರು ಬೈಯಲಿಲ್ಲ, ಸಾರಿ ಕೇಳು ಅನ್ನಲಿಲ್ಲ. ಅವನು ಉಸಿರು ಬಿಗಿಹಿಡಿದು ಗೋಡೆ ಕಡೆ ತಿರುಗಿ ಕೂತಿದ್ದ. ಸುಮಾರು ಐದು ನಿಮಿಷ ಬಿಟ್ಟರು. ಆಮೇಲೆ ಒಬ್ಬನನ್ನೇ ಕಿಟಕಿ ಹತ್ತಿರ ಕರೆದುಕೊಂಡು ಹೋಗಿ ಮೆಲ್ಲಗೆ ಕೇಳಿದರು.

ಏನಾಯ್ತು ಹೇಳು. ಎಲ್ಲಿ ತಪ್ಪಾಯ್ತು ಅನ್ನಿಸುತ್ತೆ? ಪುಟ್ಟು, "ಕಾಯಿ ಚೆಲ್ಲಿದ್ದು" ಅಂದ. ಅದು ಆಮೇಲಿನದು, ಮೊದಲು ಎಲ್ಲಿ ಶುರುವಾಯ್ತು? "ಅವನು ಮೋಸ ಮಾಡಿದ." ಅವನ ಮನೇಲಿ ಹಾಗೇ ಆಡ್ತಾರೆ ಅನ್ನು, ಆಗಲೂ ಮೋಸನಾ? ಪುಟ್ಟು ತುಂಬಾ ಹೊತ್ತು ಸುಮ್ಮನಿದ್ದ. ಕೊನೆಗೆ, "ಅವರ ಮನೇಲಿ ಬೇರೆ ಆಟನಾ?" ಅಂದ. ಅವನಿಗೆ ಅದು ನಿಜವಾಗಿ ಹೊಸ ವಿಷಯ. ಒಂದೇ ಹೆಸರಿನ ಆಟಕ್ಕೆ ಮನೆಗೊಂದು ನಿಯಮ ಇರಬಹುದು ಅಂತ ಹತ್ತು ವರ್ಷದಲ್ಲಿ ಅವನಿಗೆ ತಾನಾಗಿ ಗೊತ್ತಾಗಿರಲಿಲ್ಲ. ಬೇರೆ ಮಕ್ಕಳು ಇದನ್ನು ಗಾಳಿಯಿಂದ ಹಿಡಿದುಕೊಳ್ಳುತ್ತಾರೆ. ಇವನಿಗೆ ಕೂರಿಸಿ ಹೇಳಬೇಕು, ಒತ್ತಕ್ಷರ ಹೇಳಿಕೊಟ್ಟ ಹಾಗೆ.

ಈ ರೀತಿ ಬಿಡಿಸಿ ನೋಡುವ ಕ್ರಮವನ್ನು ಮೊದಲು ಹೇಳಿಕೊಟ್ಟವರು ರಿಚರ್ಡ್ ಲವೋಯ್ ಅಂತ ಅಮೆರಿಕದ ವಿಶೇಷ ಶಿಕ್ಷಕರು. ಏನಾಯ್ತು ಅಂತ ಮಗುವೇ ಹೇಳಬೇಕು, ತಪ್ಪು ಎಲ್ಲಿ ಅಂತ ಅದೇ ಹುಡುಕಬೇಕು, ನಿಜವಾದ ತಪ್ಪು ಬೇರೆ ಇದ್ದರೆ ನಾವು ಜೊತೆಗೂಡಿ ಹುಡುಕಬೇಕು. ಆಮೇಲೆ ಅದೇ ತರಹದ ಇನ್ನೊಂದು ಸನ್ನಿವೇಶ ಕೊಟ್ಟು ಅಲ್ಲಿ ಏನು ಮಾಡ್ತೀಯ ಅಂತ ಕೇಳಬೇಕು, ಕೊನೆಗೆ ಮನೆಗೆಲಸ. ಇದು ಶಿಕ್ಷೆ ಅಲ್ಲ, ನಾಲ್ಕು ಜನರ ಮುಂದೆ ಮಾಡುವುದೂ ಅಲ್ಲ. ಚೆನ್ನಾಗಿ ನಡೆದದ್ದನ್ನೂ ಹೀಗೇ ಬಿಡಿಸಿ ನೋಡಬಹುದು. ನಾನು ಮನೆಯಲ್ಲಿ ಈಗ ಇದನ್ನೇ ಮಾಡುತ್ತೇನೆ. ಮೊದಲು "ಯಾಕೋ ಹಂಗೆ ಮಾಡಿದೆ?" ಅಂತ ಕೇಳುತ್ತಿದ್ದೆ. ಅದಕ್ಕೆ ಅವನ ಹತ್ತಿರ ಉತ್ತರವೇ ಇರಲಿಲ್ಲ. "ಏನಾಯ್ತು?" ಅಂದರೆ ಹೇಳುತ್ತಾನೆ.

ಮುಂದಿನ ಶನಿವಾರ ಅದೇ ಚೌಕಾಬಾರ, ಅದೇ ಹುಡುಗರು. ಈ ಸಲ ಕವಡೆ ಮುಟ್ಟುವ ಮುಂಚೆ ಪ್ರತಿಯೊಬ್ಬನೂ ಒಂದು ಪ್ರಶ್ನೆ ಕೇಳಬೇಕು, "ನಿಮ್ಮನೇಲಿ ಹೇಗೆ ಆಡ್ತೀರ?" ನಾಲ್ಕು ಮನೆಯಲ್ಲಿ ನಾಲ್ಕು ತರಹ. ಒಬ್ಬರ ಮನೆಯಲ್ಲಿ ಕವಡೆ ಬದಲು ಹುಣಸೆಬೀಜ ತೇಯ್ದು ಆಡುತ್ತಾರೆ. ಒಬ್ಬರ ಮನೆಯಲ್ಲಿ ನಾಲ್ಕು ಬಿದ್ದರೂ ಎಂಟು ಬಿದ್ದರೂ ಇನ್ನೊಂದು ಸಲ ಹಾಕಬಹುದು, ಇನ್ನೊಬ್ಬರ ಮನೆಯಲ್ಲಿ ಎಂಟಕ್ಕೆ ಮಾತ್ರ. ಇವತ್ತಿಗೆ ಯಾವುದು ಅಂತ ಕೈ ಎತ್ತಿ ತೀರ್ಮಾನ ಮಾಡಿದರು. ಪುಟ್ಟು ಹೇಳಿದ್ದು ಬಿದ್ದುಹೋಯಿತು, ಮುಖ ಸಪ್ಪೆ ಆಯಿತು, ಆದರೆ ಆಡಿದ. ಸೋತ ಕೂಡ.

ಸೋತಾಗ ಏನು ಹೇಳಬೇಕು ಅನ್ನೋದರಲ್ಲೂ ಈ ಮಿಸ್ ಒಂದು ಒಳ್ಳೆ ಕೆಲಸ ಮಾಡಿದರು. ದೊಡ್ಡವರು ಹೇಳಿಕೊಡುವುದು "ಅಭಿನಂದನೆಗಳು, ನೀನು ಚೆನ್ನಾಗಿ ಆಡಿದೆ" ಅಂತ. ಯಾವ ಮಗು ರಸ್ತೆಯಲ್ಲಿ ಹಾಗೆ ಮಾತಾಡುತ್ತದೆ? ಹಾಗೆ ಮಾತಾಡಿದರೆ ಇನ್ನೂ ಆಡಿಕೊಳ್ಳುತ್ತಾರೆ. ಅವರು ಕೆಳಗೆ ಆಡುತ್ತಿದ್ದ ಇಬ್ಬರು ಹುಡುಗರನ್ನು ಮೇಲೆ ಕರೆಸಿ, ಸೋತರೆ ನೀವು ಏನಂತೀರಪ್ಪಾ ಅಂತ ಕೇಳಿದರು. "ಸರಿ ಬಿಡೋ, ಇನ್ನೊಂದಾಟ ಹಾಕು." ಅಷ್ಟೇ. ಅದನ್ನೇ ಎಲ್ಲರಿಗೂ ಅಭ್ಯಾಸ ಮಾಡಿಸಿದರು, ದನಿ ಸಮೇತ, ಹೆಗಲು ಕುಣಿಸೋದು ಸಮೇತ.

ಆಟಕ್ಕೆ ಸೇರಿಕೊಳ್ಳುವುದಕ್ಕೂ ಹೀಗೇ. ಹೋಗಿ "ನನ್ನನ್ನೂ ಸೇರಿಸಿಕೊಳ್ತೀರಾ" ಅಂತ ಕೇಳು ಅಂತ ನಾವೆಲ್ಲ ಹೇಳಿಕೊಡುತ್ತೇವೆ ಅಲ್ವಾ? ಆಡುತ್ತಿರುವವರನ್ನು ಮಧ್ಯದಲ್ಲಿ ನಿಲ್ಲಿಸಿ ಕೇಳಿದರೆ ಇಲ್ಲ ಅನ್ನುವುದೇ ಜಾಸ್ತಿ. ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ಲಾಗ್‌ಸನ್ ಮತ್ತು ಫ್ರೆಡ್ ಫ್ರಾಂಕೆಲ್ ಕಟ್ಟಿದ ಪೀರ್ಸ್ ಅನ್ನುವ ತರಬೇತಿ ಇದೆ. ಮೊದಲು ಆಟಿಸಂ ಇರುವ ಹದಿಹರೆಯದವರಿಗೆ ಅಂತ ಮಾಡಿದ್ದು. ಅದರಲ್ಲಿ ಹೇಳುವುದು, ಮೊದಲು ದೂರ ನಿಂತು ನೋಡು, ಆಟ ಏನು ಅಂತ ತಿಳಿದುಕೋ, ಒಂದು ಬಿಡುವು ಬರುವವರೆಗೆ ಕಾಯಿ, ಆಮೇಲೆ ಸೇರಿಕೋ. ನಮ್ಮ ಮಿಸ್ ಅದನ್ನೇ ನಮ್ಮ ರಸ್ತೆ ಕ್ರಿಕೆಟ್ಟಿಗೆ ಹೊಂದಿಸಿದ್ದರು. ಗೇಟಿನ ಹತ್ತಿರ ನಿಲ್ಲು. ಒಂದು ಓವರ್ ನೋಡು. ಬಾಲ್ ನಿನ್ನ ಕಡೆ ಬಂದರೆ ಎತ್ತಿ ಎಸಿ. ಓವರ್ ಮುಗಿದಾಗ ಕೇಳು, ಟೀಮಲ್ಲಿ ಯಾರು ಕಮ್ಮಿ ಇದ್ದಾರೆ ಅಂತ ನೋಡಿಕೊಂಡು. ಆಗಲ್ಲ ಅಂದರೆ ಸರಿ ಅಂತ ವಾಪಸ್ ಬಾ, ಅಲ್ಲೇ ನಿಂತು ಮತ್ತೆ ಮತ್ತೆ ಕೇಳಬೇಡ.

ಪ್ರತಿ ವಾರ ಒಂದು ಚೀಟಿ ಕೊಡುತ್ತಾರೆ. ಒಂದೇ ಕೆಲಸ, ಅದೂ ಚಿತ್ರದಲ್ಲಿ. ಅಂಗಡಿಗೆ ಹೋಗಿ ಮುಂದೆ ಇರುವವರ ಮಾತು ಮುಗಿಯುವವರೆಗೆ ಕಾದು ಮೊಸರು ಕೇಳಿ ತರುವುದು. ಅಜ್ಜಿಗೆ ಫೋನ್ ಮಾಡಿ ಮೊದಲು ಅವರ ವಿಷಯ ಎರಡು ಪ್ರಶ್ನೆ ಕೇಳುವುದು, ಆಮೇಲೆ ತನ್ನದು ಹೇಳುವುದು. ಮಾತಾಡುವಾಗ ಕೈ ಚಾಚಿದಷ್ಟು ದೂರ ನಿಲ್ಲುವುದು. ಮೊಸರಿನ ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು. ಮೊದಲ ದಿನ ಅವನು ಕಾದ, ಕಾದ, ಅವನ ಹಿಂದೆ ಬಂದವರೆಲ್ಲ ತೆಗೆದುಕೊಂಡು ಹೋದರು, ಇವನು ಹಾಗೇ ನಿಂತಿದ್ದ. ಕಾಯುವುದು ಮಾತ್ರ ಹೇಳಿಕೊಟ್ಟಿದ್ದೆವು, ತನ್ನ ಸರದಿ ಬಂತು ಅಂತ ತಿಳಿಯುವುದು ಹೇಗೆ ಅಂತ ಹೇಳಿಕೊಟ್ಟಿರಲಿಲ್ಲ. ಅಂಗಡಿಯವರು ನಿನ್ನ ಮುಖ ನೋಡಿದರೆ ನಿನ್ನ ಸರದಿ ಅಂತ ಮರುದಿನ ಹೇಳಿದೆ. ನಾಲ್ಕನೇ ದಿನ ಮೊಸರು ತಂದ, ಚಿಲ್ಲರೆ ಸಮೇತ.

ಈಗ ಕೊರತೆಗಳು. ಇವೂ ಇವೆ, ಸಣ್ಣವಲ್ಲ.

ವಯಸ್ಸು ನೋಡದೆ ಸೇರಿಸಿಕೊಳ್ಳುತ್ತಾರೆ. ನಮ್ಮ ಬ್ಯಾಚಿನಲ್ಲಿ 7 ವರ್ಷದವನೂ ಇದ್ದ, 13 ವರ್ಷದವನೂ ಇದ್ದ. ದೊಡ್ಡ ಹುಡುಗನಿಗೆ ಬೇಕಾಗಿದ್ದದ್ದು ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಏನು ಹಾಕಬೇಕು, ಏನು ಹಾಕಬಾರದು ಅನ್ನುವುದು. ಅವನು ಕವಡೆ ಆಡುತ್ತಾ ಮುಜುಗರಪಟ್ಟುಕೊಂಡು ಕೂರುತ್ತಿದ್ದ, ಒಂಬತ್ತನೇ ವಾರ ಬಿಟ್ಟೇಬಿಟ್ಟ. ಆರು ಮಕ್ಕಳಲ್ಲಿ ಹುಡುಗಿ ಒಬ್ಬಳೇ. ಎರಡನೇ ಮಹಡಿಗೆ ಮೆಟ್ಟಿಲು ಮಾತ್ರ, ಕೆಳಗೆ ಬಸ್ಸು ಓಡಾಡುವ ರಸ್ತೆ, ಹಾರ್ನ್ ಶಬ್ದಕ್ಕೆ ಕೆಲವು ಮಕ್ಕಳ ಗಮನ ಪೂರ್ತಿ ಹೋಗಿಬಿಡುತ್ತದೆ. ದನಿ ಗುರುತಿಸುವ ಪಾಠ ಮಾಡುವ ರೂಮಿನಲ್ಲಿ ಇಷ್ಟು ಗಲಾಟೆ ಇರಬಾರದು.

ಎಲ್ಲಕ್ಕಿಂತ ದೊಡ್ಡ ಕೊರತೆ, ಸ್ಕೂಲಿನ ಜೊತೆ ಮಾತಿಲ್ಲ. 16 ವಾರದಲ್ಲಿ ಪುಟ್ಟುವಿನ ಕ್ಲಾಸ್ ಟೀಚರ್‌ಗೆ ಒಂದೇ ಒಂದು ಸಲ ಫೋನ್ ಮಾಡಿದ್ದಾರೆ, ಅದೂ ನಾನು ಮೂರು ಸಲ ಕೇಳಿದ ಮೇಲೆ. ಮಗು ದಿನಕ್ಕೆ ಏಳು ಗಂಟೆ ಇರುವುದು ಅಲ್ಲಿ. ಕ್ಲಾಸು ಮುಗಿದ ಮೇಲೆ ಕೊಟ್ಟ ವರದಿ ಆರು ಪುಟ, ಪೂರ್ತಿ ಇಂಗ್ಲಿಷು. ಬ್ಯಾಚಿನಲ್ಲಿ ಒಬ್ಬ ಅಪ್ಪ ಆಟೋ ಓಡಿಸುತ್ತಾರೆ, ಅವರು ಅದನ್ನು ನನ್ನ ಹತ್ತಿರ ತಂದು, "ಮೇಡಂ, ಇದರಲ್ಲಿ ಒಳ್ಳೇದು ಬರೆದಿದ್ದಾರಾ?" ಅಂತ ಕೇಳಿದರು. ಕೂತು ಸಾಲು ಸಾಲಾಗಿ ಓದಿ ಹೇಳಿದೆ. ಕನ್ನಡದಲ್ಲೇ ಪಾಠ ಮಾಡಿದವರು ವರದಿಯನ್ನೂ ಕನ್ನಡದಲ್ಲಿ ಎರಡು ಪುಟ ಬರೆದುಕೊಡಬಾರದಾ? ಇದನ್ನು ಅವರಿಗೂ ಹೇಳಿದ್ದೇನೆ. ಮುಂದಿನ ಸಲ ಮಾಡುತ್ತೇವೆ ಅಂದಿದ್ದಾರೆ.

16 ವಾರ ಮುಗಿದ ಮೇಲೆ ಏನು ಅನ್ನುವುದಕ್ಕೂ ವ್ಯವಸ್ಥೆ ಇಲ್ಲ. ತಿಂಗಳಿಗೊಮ್ಮೆ ಕರೆದು ನೋಡಿದರೆ ಸಾಕು, ಅದೂ ಇಲ್ಲ. ದುಡ್ಡಿನ ವಿಷಯ, 700 ರೂಪಾಯಿ ನಮಗೆ ಹೇಗೋ ಆಗುತ್ತದೆ, ಆಟೋದ ಆ ಅಪ್ಪನಿಗೆ ಒಂದು ದಿನದ ದುಡಿಮೆ. ಅವರಿಗೆ ಅರ್ಧ ತೆಗೆದುಕೊಂಡರು ಅಂತ ಆಮೇಲೆ ಗೊತ್ತಾಯಿತು. ಅದನ್ನು ಇಲ್ಲಿ ಹೇಳಲೇಬೇಕು.

ನೀವು ಇಂಥ ಕ್ಲಾಸು ಹುಡುಕುತ್ತಿದ್ದರೆ ದುಡ್ಡು ಕಟ್ಟುವ ಮೊದಲು ಒಂದು ದಿನ ಕೂತು ನೋಡಲು ಬಿಡುತ್ತೀರಾ ಅಂತ ಕೇಳಿ. ಬಿಡಲ್ಲ ಅಂದರೆ ಕಾರಣ ಕೇಳಿ. ಕಲಿಸುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯಾ ನೋಡಿ, ಆರ್‌ಸಿಐ ನಂಬರ್ ಅಂದರೆ ಅವರಿಗೆ ಗೊತ್ತಾಗುತ್ತದೆ, ವಿಶೇಷ ಶಿಕ್ಷಕರಿಗೂ ಮಾತಿನ ಥೆರಪಿಸ್ಟ್‌ಗೂ ಅದು ಇರಬೇಕು. ಸಂಕೋಚ ಬೇಡ, ಸರಿಯಾದವರು ಬೇಜಾರು ಮಾಡಿಕೊಳ್ಳದೆ ತೋರಿಸುತ್ತಾರೆ. ನಿಮ್ಮ ಮಗು ಮನೆಯಲ್ಲಿ ಆಡುವ ಭಾಷೆಯಲ್ಲೇ ಕಲಿಸುತ್ತಾರಾ ಕೇಳಿ. ನಮ್ಮ ಮಕ್ಕಳು ಜಗಳ ಆಡೋದು ಕನ್ನಡದಲ್ಲಿ, ಟೂ ಬಿಡೋದು ಕನ್ನಡದಲ್ಲಿ, ರಾಜಿ ಆಗೋದೂ ಕನ್ನಡದಲ್ಲೇ. ಆಮೇಲೆ, ಮಗು ಗಲಾಟೆ ಮಾಡಿದಾಗ ನೀವೇನು ಮಾಡ್ತೀರ ಅಂತ ಕೇಳಿ. ಅದಕ್ಕೆ ಬರುವ ಉತ್ತರದಲ್ಲಿ ಎಲ್ಲ ಗೊತ್ತಾಗುತ್ತದೆ.

ಓದು ಬರಹ ಸುಧಾರಿಸಲಿ ಅಂತ ಈ ಕ್ಲಾಸಿಗೆ ಕಳಿಸಬೇಡಿ, ಅದಕ್ಕೆ ರೆಮಿಡಿಯಲ್ ಬೇರೆ ಬೇಕು. ಮಗು ವಾರದಲ್ಲಿ ಒಂದು ದಿನವೂ ಬೇರೆ ಮಕ್ಕಳ ಜೊತೆ ಆಡುವ ಅವಕಾಶ ಇಲ್ಲ ಅಂದರೆ ಮೊದಲು ಅದನ್ನು ಹೊಂದಿಸಿ. ಇಲ್ಲಿ ಕಲಿತದ್ದನ್ನು ಬಳಸಲು ಜಾಗವೇ ಇಲ್ಲದಿದ್ದರೆ ಮುಂದಿನ ಶನಿವಾರದ ಹೊತ್ತಿಗೆ ಮರೆತುಹೋಗಿರುತ್ತದೆ.

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಸ್ಟಾರ್. ಒಂದು ಕಳೆದದ್ದು ಸ್ಕೂಲಿನ ಜೊತೆ ಮಾತಾಡದೇ ಇದ್ದದ್ದಕ್ಕೆ.

ಪುಟ್ಟುವಿಗೆ ಬಿಟ್ಟೂಬಿಡದ ಗೆಳೆಯ ಅಂತ ಯಾರೂ ಇನ್ನೂ ಇಲ್ಲ. ಹುಟ್ಟುಹಬ್ಬಕ್ಕೆ ಕರೆದವರಲ್ಲಿ ಇಬ್ಬರು ಬಂದರು, ಹೋದ ವರ್ಷ ಯಾರೂ ಬಂದಿರಲಿಲ್ಲ. ಮಾತಾಡುತ್ತಾ ಖುಷಿಯಾದರೆ ಈಗಲೂ ಮೈಮೇಲೆ ಬೀಳುತ್ತಾನೆ, ಆಮೇಲೆ ನೆನಪಾಗಿ ಕೈ ಚಾಚಿ ಅಳೆದು ಒಂದು ಹೆಜ್ಜೆ ಹಿಂದೆ ಹೋಗುತ್ತಾನೆ. ಹೋದ ಭಾನುವಾರ ಮತ್ತೆ ಮೇಲಿಂದ ನೋಡುತ್ತಿದ್ದೆ. ಗೇಟಿನ ಹತ್ತಿರ ಒಂದು ಓವರ್ ನಿಂತ. ಬಾಲ್ ಬಂತು, ಎಸೆದ. ಓವರ್ ಮುಗಿದ ಮೇಲೆ ಹೋಗಿ ಏನೋ ಕೇಳಿದ, ನನಗೆ ಕೇಳಿಸಲಿಲ್ಲ. ಆ ಕಡೆಯಿಂದ ದೊಡ್ಡ ಹುಡುಗನ ದನಿ ಮಾತ್ರ ಕೇಳಿಸಿತು, "ಹೂಂ ಕಣೋ, ಇಲ್ಲಿ ಒನ್ ಪಿಚ್ ಔಟಿದೆ, ಕಾಂಪೌಂಡ್ ಒಳಗೆ ಹೊಡೆದ್ರೂ ಔಟು. ನಮ್ಮ ಕಡೆ ಬಾ, ಒಬ್ಬ ಕಮ್ಮಿ ಇದ್ದೀವಿ."